ಅಪ್ಪ ಹೆಗ್ಡೆ, ಅಮ್ಮ ಶೆಟ್ಟಿ, ಫೈಲು ಎರಡು

ಅಕ್ಕ ಗ್ರೀನ್ ಕಾರ್ಡ್‌ನಲ್ಲಿ, ಅಂದರೆ ಅಮೆರಿಕದ ಖಾಯಂ ವಾಸದ ಪರವಾನಗಿಯಲ್ಲಿ, ಇದ್ದಷ್ಟು ವರ್ಷ ನಮ್ಮ ಮನೆಯಲ್ಲಿ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳುವ ಮಾತೇ ಎದ್ದಿರಲಿಲ್ಲ. ಗ್ರೀನ್ ಕಾರ್ಡ್ ಇದ್ದವರು ಗಂಡನಿಗೋ ಹೆಂಡತಿಗೋ ಮದುವೆಯಾಗದ ಮಕ್ಕಳಿಗೋ ಅರ್ಜಿ ಹಾಕಬಹುದು. ಅಪ್ಪ ಅಮ್ಮನಿಗೆ ಹಾಕಲು ಬರುವುದಿಲ್ಲ. ಅದಕ್ಕೆ ಅಮೆರಿಕದ ಪೌರತ್ವವೇ ಬೇಕು, ವಯಸ್ಸು 21 ಆಗಿರಬೇಕು. ಅಕ್ಕ 2023ರಲ್ಲಿ ನ್ಯೂಜೆರ್ಸಿಯಲ್ಲಿ ಪ್ರಮಾಣ ಮಾಡಿ ಸಿಟಿಜನ್ ಆದಳು. ಎರಡು ದೇಶದ ಪೌರತ್ವ ಇಟ್ಟುಕೊಳ್ಳಲು ನಮ್ಮಲ್ಲಿ ಬಿಡುವುದಿಲ್ಲವಲ್ಲ, ಹಾಗಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಹಾಕಿದಳು. ಅದರ ಬೆನ್ನಿಗೇ ನನಗೆ ಫೋನು. "ಅಪ್ಪ ಅಮ್ಮನ ಪೇಪರೆಲ್ಲ ಒಟ್ಟು ಮಾಡು. ಇಲ್ಲಿಂದ ನಾನು ಹಾಕ್ತೇನೆ."

ನಾನಿರುವುದು ಮಂಗಳೂರಿನ ಬಿಜೈಯಲ್ಲಿ, ಫ್ಲ್ಯಾಟ್‌ನಲ್ಲಿ. ಅಪ್ಪ ಅಮ್ಮ ಇದ್ದದ್ದು ಬ್ರಹ್ಮಾವರದ ಹತ್ತಿರದ ಮನೆಯಲ್ಲಿ, ಇಬ್ಬರೇ. ಹಿಂದಿನ ಮಳೆಗಾಲದಲ್ಲಿ ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದರು. ನಮ್ಮಲ್ಲಿಗೆ ಬನ್ನಿ ಎಂದರೆ ನಾಲ್ಕು ದಿನ ಇದ್ದು, ಐದನೇ ದಿನ ಅಡಿಕೆಯ ನೆವ ಹೇಳಿ ಬಸ್ಸು ಹತ್ತುತ್ತಿದ್ದರು. ಮೂರನೇ ಮಹಡಿಯಲ್ಲಿ ಕೂರಲಾಗದವರು ಅಮೆರಿಕಕ್ಕೆ ಹೋಗುತ್ತಾರಾ ಅಂತ ನನಗೆ ಅನುಮಾನ. ಅಪ್ಪನನ್ನು ಕೇಳಿದಾಗ ಒಂದೇ ಮಾತು, "ಯಾನ್ ಬರ್ಪುಜಿ." ತುಳುವಿನಲ್ಲಿ, ನಾನು ಬರುವುದಿಲ್ಲ ಅಂತ. ಅಮ್ಮನಿಗೆ ಮಾತ್ರ ಆಸೆ ಇತ್ತು. ಅಕ್ಕನ ಎರಡೂ ಬಾಣಂತನಕ್ಕೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಬಂದವರು ಅವರು. ಮೊಮ್ಮಕ್ಕಳು ಈಗ ಫೋನಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ ಅನ್ನುವುದು ಅವರ ಕೊರಗು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಅಪ್ಪ ಅಮ್ಮ ವರ್ಷಕ್ಕೆ ಐದಾರು ತಿಂಗಳು ಮಕ್ಕಳ ಜೊತೆ ಇದ್ದು ಬಂದರೆ ಸಾಕು ಅನ್ನುವವರಿಗೆ ಟೂರಿಸ್ಟ್ ವೀಸಾವೇ ಒಳ್ಳೆಯದು. ಗ್ರೀನ್ ಕಾರ್ಡ್ ಅಂದರೆ ಅಲ್ಲಿ ವಾಸ ಇರುವುದು ಅಂತಲೇ ಅರ್ಥ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದು ವಾಪಸ್ ಹೋದರೆ ಏರ್‌ಪೋರ್ಟಿನಲ್ಲಿ ಪ್ರಶ್ನೆ ಕೇಳುತ್ತಾರೆ. ಒಂದು ವರ್ಷ ದಾಟಿದರೆ ಕಾರ್ಡೇ ಕೈಬಿಟ್ಟ ಲೆಕ್ಕಕ್ಕೆ ಬರಬಹುದು. ಜಾಸ್ತಿ ಸಮಯ ಹೊರಗಿರಬೇಕಾದರೆ ಮೊದಲೇ, ಅಲ್ಲಿರುವಾಗಲೇ, ರೀಎಂಟ್ರಿ ಪರ್ಮಿಟ್‌ಗೆ ಹಾಕಬೇಕು. ಅದು ಸಾಮಾನ್ಯವಾಗಿ ಎರಡು ವರ್ಷಕ್ಕೆ ಸಿಗುತ್ತದೆ. ಇನ್ನೊಂದು ಕಡೆ, ಖಾಯಂ ವಾಸದ ಅರ್ಜಿ ಒಮ್ಮೆ ಒಳಗೆ ಹೋಯಿತೆಂದರೆ ಆಮೇಲೆ ಟೂರಿಸ್ಟ್ ವೀಸಾ ಕೇಳುವುದು ಕಷ್ಟ. ಅಲ್ಲಿ ನೆಲೆಸುವ ಆಸೆ ಇದೆ ಅಂತ ನಾವೇ ಬರೆದುಕೊಟ್ಟ ಹಾಗಾಯಿತಲ್ಲ. ನಮ್ಮ ಮನೆಯಲ್ಲಿ ಇದನ್ನೆಲ್ಲ ಅಕ್ಕ, ಭಾವ, ನಾನು, ನನ್ನ ಗಂಡ ಸೇರಿ ವಿಡಿಯೋ ಕಾಲ್‌ನಲ್ಲಿ ಚರ್ಚೆ ಮಾಡಿದೆವು. ಅಪ್ಪ ಪೇಪರ್ ಓದುತ್ತಾ ಪಕ್ಕದಲ್ಲೇ ಕೂತಿದ್ದರು. ಕೊನೆಗೆ, "ಅವಳು ಹೋಗುವುದಾದರೆ ನಾನು ಇಲ್ಲಿ ಯಾರ ಕೈಯ ಗಂಜಿ ಕುಡಿಯಲಿ?" ಅಂದರು. ಅದನ್ನೇ ಒಪ್ಪಿಗೆ ಅಂತ ತೆಗೆದುಕೊಂಡೆವು.

ತಂದೆ ತಾಯಿಗೆ ಸರದಿ ಸಾಲು ಇಲ್ಲ. ಅಣ್ಣ ತಮ್ಮಂದಿರ ಅರ್ಜಿಯಾದರೆ ಹದಿನೈದು ವರ್ಷಕ್ಕೂ ಹೆಚ್ಚು ಕಾಯುವ ಮಾತು. ಸಿಟಿಜನ್‌ನ ಅಪ್ಪ ಅಮ್ಮ ಹತ್ತಿರದ ಸಂಬಂಧಿಗಳ ಲೆಕ್ಕಕ್ಕೆ ಬರುತ್ತಾರೆ, ಅವರಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನುವ ಮಿತಿ ಇಲ್ಲ. ಆದರೆ ಇಬ್ಬರಿಗೂ ಬೇರೆ ಬೇರೆ ಅರ್ಜಿ. ಅಮ್ಮನ ಅರ್ಜಿಗೆ ಅಪ್ಪನನ್ನು ಸೇರಿಸಲು ಆಗುವುದಿಲ್ಲ. ಐ-130 ಅನ್ನುವ ಫಾರಂ ಎರಡು, ಶುಲ್ಕವೂ ಎರಡು. ನಾವು ಹಾಕಿದಾಗ ಒಂದಕ್ಕೆ 535 ಡಾಲರ್ ಇತ್ತು. 2024ರ ಏಪ್ರಿಲ್‌ನಿಂದ ಆನ್‌ಲೈನ್‌ನಲ್ಲಿ 625, ಕಾಗದದಲ್ಲಿ ಕಳಿಸಿದರೆ 675 ಆಯಿತು.

ಅಮ್ಮನ ಅರ್ಜಿ ಸಲೀಸು. ಅಕ್ಕನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿದ್ದರೆ ಮುಗಿಯಿತು. ತಂದೆಯದ್ದಾದರೆ ಅಷ್ಟು ಸಾಲದು, ಅಪ್ಪ ಅಮ್ಮನ ಮದುವೆಯ ಪ್ರಮಾಣಪತ್ರವೂ ಬೇಕು. ನಮ್ಮ ತೊಂದರೆ ಶುರುವಾದದ್ದೇ ಅಲ್ಲಿಂದ. ಅಪ್ಪ ಅಮ್ಮನ ಮದುವೆ 1977ರಲ್ಲಿ, ಅಮ್ಮನ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ ಆದದ್ದು. ಧಾರೆ ಎರೆದರು, ಊಟ ಬಡಿಸಿದರು, ಎಲ್ಲರೂ ಮನೆಗೆ ಹೋದರು. ಅದನ್ನು ಕಚೇರಿಯಲ್ಲಿ ಬರೆಸಬೇಕು ಅಂತ ಯಾರ ತಲೆಗೂ ಬಂದಿರಲಿಲ್ಲ.

ಅದರ ಮೇಲೆ ಹೆಸರಿನ ಗೊಂದಲ. ನಾವು ಬಂಟರು, ಅಳಿಯಸಂತಾನದವರು. ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಗುರುತು, ಬರುವುದು ತಾಯಿಯಿಂದ. ನಮ್ಮ ಮನೆಯಲ್ಲಿ ಹೆಸರಿನ ಕೊನೆಯೂ ತಾಯಿಯಿಂದಲೇ ಬಂದಿದೆ. ಹಾಗಾಗಿ ಅಪ್ಪ ಹೆಗ್ಡೆ, ಅಮ್ಮ ಶೆಟ್ಟಿ, ನಾವಿಬ್ಬರು ಹೆಣ್ಣುಮಕ್ಕಳೂ ಶೆಟ್ಟಿ. ಉಡುಪಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಅಮೆರಿಕದಲ್ಲಿ ಕೂತು ಫೈಲು ನೋಡುವವರ ಕಣ್ಣಿಗೆ ಏನು ಕಾಣುತ್ತದೆ ಹೇಳಿ. ಮಗಳಿಗೆ ತಂದೆಯ ಹೆಸರಿಲ್ಲ, ಹೆಂಡತಿಗೆ ಗಂಡನ ಹೆಸರಿಲ್ಲ, ಮದುವೆಗೆ ದಾಖಲೆ ಇಲ್ಲ!

ಮೊದಲು ಮದುವೆ ರಿಜಿಸ್ಟರ್ ಮಾಡಿಸಿದೆವು. ಹಿಂದೂ ವಿವಾಹ ಕಾಯ್ದೆಯ ಅಡಿಯಲ್ಲಿ ಎಷ್ಟು ವರ್ಷ ಕಳೆದ ಮೇಲೂ ಮಾಡಿಸಬಹುದು. ಇಬ್ಬರ ಗುರುತಿನ ಪುರಾವೆ, ಮದುವೆಯ ಫೋಟೋ, ಕಾಗದ, ಸಾಕ್ಷಿಗಳು ಬೇಕು. ಲಗ್ನಪತ್ರಿಕೆ ಗೆದ್ದಲು ತಿಂದು ಹೋಗಿತ್ತು. ಫೋಟೋ ಇತ್ತು, ಒಂದೇ ಒಂದು, ಕಪ್ಪು ಬಿಳುಪು. ಅದರಲ್ಲಿ ಅಪ್ಪನ ಪೇಟ ಒಂದು ಬದಿಗೆ ವಾಲಿದೆ, ಅಮ್ಮ ನೆಲ ನೋಡುತ್ತಿದ್ದಾರೆ. ಉಪನೋಂದಣಿ ಕಚೇರಿಯಲ್ಲಿ ಆ ದಿನ ನಮ್ಮ ಮುಂದೆ ಹೊಸದಾಗಿ ಮದುವೆಯಾದ ಜೋಡಿ ಇತ್ತು, ಹಿಂದೆ ಸೈಟು ರಿಜಿಸ್ಟ್ರೇಷನ್‌ಗೆ ಬಂದವರು. ಕಂಪ್ಯೂಟರ್ ಎದುರು ಗಂಡ ಹೆಂಡತಿಯನ್ನು ಕೂರಿಸಿ ಫೋಟೋ ತೆಗೆಯುತ್ತಾರೆ. ಅಪ್ಪ ಒಂದು ಕುರ್ಚಿಯ ತುದಿಯಲ್ಲಿ, ಅಮ್ಮ ಇನ್ನೊಂದರ ತುದಿಯಲ್ಲಿ ಕೂತರು. ಆಪರೇಟರ್ ಹುಡುಗಿ, "ಅಜ್ಜ, ಸ್ವಲ್ಪ ಹತ್ತಿರ ಬನ್ನಿ, ಇಬ್ಬರೂ ಫ್ರೇಮಿನಲ್ಲಿ ಬರುವುದಿಲ್ಲ" ಎಂದಳು. ಅಪ್ಪ ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಹುಟ್ಟಿದ ದಾಖಲೆ. ಅಪ್ಪ ಹುಟ್ಟಿದ್ದು 1950ರಲ್ಲಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅಪ್ಪ ಹುಟ್ಟಿದಾಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, 1956ರ ನವೆಂಬರ್ ಒಂದಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಳೆಯ ಪುಸ್ತಕದಲ್ಲಿ ಹುಡುಕಿಸಿದೆವು, ಅಪ್ಪನ ಹೆಸರೂ ಸಿಗಲಿಲ್ಲ, ಅಮ್ಮನದ್ದೂ ಸಿಗಲಿಲ್ಲ. ಸಿಗದಿದ್ದರೆ ದಾಖಲೆ ಇಲ್ಲ ಅನ್ನುವ ಅಲಭ್ಯತಾ ಪತ್ರ ಕೊಡುತ್ತಾರೆ. ಅದರ ಜೊತೆಗೆ ಶಾಲೆಯ ಸರ್ಟಿಫಿಕೇಟ್, ಮತ್ತೆ ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್. ಎಪ್ಪತ್ತು ದಾಟಿದವರಿಗಿಂತ ಹಿರಿಯರನ್ನು ಎಲ್ಲಿ ಹುಡುಕುವುದು? ನಮ್ಮ ಅದೃಷ್ಟಕ್ಕೆ ಅಪ್ಪನ ದೊಡ್ಡಕ್ಕ, ನನ್ನ ಅತ್ತೆ, ಇದ್ದರು. ಅವರಿಗೆ 86.

ಅತ್ತೆಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ನೋಟರಿಯವರೇ ಕೆಳಗಿಳಿದು ಕಾರಿನ ಹತ್ತಿರ ಬಂದರು. ಅಫಿಡವಿಟ್ ಓದಿ ಹೇಳಿದರು. ಜೂನ್ ಒಂದು ಅಂತ ಕೇಳಿದ್ದೇ ತಡ, ಅತ್ತೆ ಪೆನ್ನು ಕೆಳಗಿಟ್ಟರು. "ಇವ ಹುಟ್ಟಿದ್ದು ಆಟಿಯಲ್ಲಿ. ನಾನೇ ಸೂಲಗಿತ್ತಿಯನ್ನು ಕರೆಯಲಿಕ್ಕೆ ಗೊರಬು ಹಾಕಿಕೊಂಡು ಓಡಿದ್ದು. ಜೂನಿನಲ್ಲಿ ಎಲ್ಲಿಯ ಆಟಿ?" ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳು, ಗೊರಬು ಅಂದರೆ ಮಳೆಗೆ ಹಾಕುವ ಎಲೆಯ ಹೊದಿಕೆ. ಶಾಲೆಗೆ ಸೇರಿಸುವಾಗ ಮಾಸ್ಟ್ರು ಜೂನ್ ಒಂದು ಅಂತ ಬರೆದುಕೊಳ್ಳುವುದು ಆಗ ಎಲ್ಲ ಕಡೆ ಇದ್ದ ಪದ್ಧತಿ. ನಮ್ಮೂರಿನ ಅರ್ಧ ಗಂಡಸರು ಜೂನ್ ಒಂದಕ್ಕೇ ಹುಟ್ಟಿದವರು. ಅತ್ತೆಗೆ ಅದೆಲ್ಲ ಹೇಳಿದರೂ ಸುಳ್ಳಿಗೆ ಸೈನು ಹಾಕುವುದಿಲ್ಲ ಅಂತ ಕೂತರು. ಕೊನೆಗೆ ನೋಟರಿಯವರೇ ಒಂದು ದಾರಿ ಮಾಡಿದರು. ತಂದೆ ಯಾರು, ತಾಯಿ ಯಾರು, ಯಾವ ಮನೆಯಲ್ಲಿ, ಯಾವ ವರ್ಷ ಅನ್ನುವುದು ಅತ್ತೆಯ ಮಾತು. ತಾರೀಕು ಮಾತ್ರ "ಶಾಲೆಯ ದಾಖಲೆಯ ಪ್ರಕಾರ". ಅತ್ತೆ ಇನ್ನೊಮ್ಮೆ ಓದಿಸಿಕೊಂಡು ಸಹಿ ಹಾಕಿದರು. ಹಾಕಿದ ಮೇಲೂ ಆಟಿ ಅನ್ನುವುದನ್ನು ಬಿಡಲಿಲ್ಲ.

ಕನ್ನಡದಲ್ಲಿದ್ದ ಎಲ್ಲದಕ್ಕೂ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರ ದೃಢೀಕರಣ ಬೇಕು. ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಎಲ್ಲ ಮಾಡಿಕೊಟ್ಟರು, ಒಂದು ಚೆಂಡು ಮಲ್ಲಿಗೆ ಸಿಕ್ಕರೂ ಆಗಬಹುದು ಅಂತ ತಮಾಷೆ ಮಾಡಿದರು. ಅವರ ಹೆಂಡತಿಗೆ ಶಂಕರಪುರ ಮಲ್ಲಿಗೆಯ ಒಂದು ಅಟ್ಟೆಯನ್ನೇ, ಅಂದರೆ ನಾಲ್ಕು ಚೆಂಡು, ಕೊಟ್ಟೆವು.

ಅಮ್ಮನ ಅರ್ಜಿ ಮೊದಲು ಪಾಸಾಯಿತು. ಅಪ್ಪನದ್ದಕ್ಕೆ ಇನ್ನಷ್ಟು ಪುರಾವೆ ಕಳಿಸಿ ಅಂತ ಪತ್ರ ಬಂತು. ಮದುವೆ ರಿಜಿಸ್ಟರ್ ಆದದ್ದು ಮಕ್ಕಳು ಹುಟ್ಟಿ ನಲವತ್ತು ವರ್ಷ ಕಳೆದ ಮೇಲೆ, ಹಾಗಾಗಿ ಆ ಕಾಲದ್ದೇ ದಾಖಲೆ ಏನಾದರೂ ಇದ್ದರೆ ಕೊಡಿ ಅನ್ನುವ ಅರ್ಥದಲ್ಲಿ. ಸಿಟ್ಟು ಬಂತು, ಆದರೆ ಅವರು ಕೇಳಿದ್ದು ನ್ಯಾಯವೇ. ನಾನಾಗಿದ್ದರೂ ಕೇಳುತ್ತಿದ್ದೆ. ಅಕ್ಕ ಡಿಎನ್ಎ ಪರೀಕ್ಷೆ ಮಾಡಿಸುವುದಾ ಅಂದಳು. ಅದು ಅಪ್ಪನ ಕಿವಿಗೆ ಬಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಆಗ ಅಮ್ಮ ಅಟ್ಟದಿಂದ ಒಂದು ಬಿಸ್ಕಿಟ್ ಡಬ್ಬಿ ಇಳಿಸಿದರು. ಅಪ್ಪ ಬೊಂಬಾಯಿಯಲ್ಲಿ, ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ, ಮೊದಲು ಸಪ್ಲೈಯರ್ ಆಗಿ, ಆಮೇಲೆ ಗಲ್ಲೆಯಲ್ಲಿ ಕೂತು ದುಡಿದವರು. ಮದುವೆಯಾದ ಮೇಲೂ ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ತಿಂಗಳು ತಿಂಗಳು ಮನಿ ಆರ್ಡರ್ ಕಳಿಸುತ್ತಿದ್ದರು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಕೊಟ್ಟು, ಫಾರಂನ ತುದಿಯ ಚೀಟಿ ಹರಿದು ಕೊಡುತ್ತಿದ್ದ. ಕಳಿಸಿದವರ ಹೆಸರು, ಮತ್ತೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಆ ಚೀಟಿ. ಅಮ್ಮ ಒಂದನ್ನೂ ಬಿಸಾಡಿರಲಿಲ್ಲ. ಎಲ್ಲವನ್ನೂ ವರ್ಷದ ಲೆಕ್ಕದಲ್ಲಿ ದಾರ ಕಟ್ಟಿ ಇಟ್ಟಿದ್ದರು. ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. "ರೂ. 150. ಅದರಲ್ಲಿ 20 ಅಕ್ಕನಿಗೆ ಕೊಡುವುದು. ಮಗುವಿನ ಜ್ವರ ಬಿಟ್ಟಿತೇ ತಿಳಿಸು." ಇನ್ನೊಂದರಲ್ಲಿ, "ಎರಡನೆಯದೂ ಹೆಣ್ಣೆಂದು ಬೇಸರ ಇಲ್ಲ. ಹೆಸರು ನೀನೇ ಇಡು." ಆ ಎರಡನೆಯದು ನಾನು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಸುಮಾರು ಹೊತ್ತು ಏನೂ ಕೆಲಸ ಮಾಡಲಿಲ್ಲ.

ಓದಲು ಬರುವಂಥ ಚೀಟಿಗಳು, ಹಳೆಯ ರೇಷನ್ ಕಾರ್ಡು, ಅಮ್ಮನನ್ನು ನಾಮಿನಿ ಮಾಡಿದ್ದ ಎಲ್ಐಸಿ ಪಾಲಿಸಿ, ಅಕ್ಕನ ಶಾಲೆಯ ದಾಖಲಾತಿ, ಮದುವೆಯ ಊಟಕ್ಕೆ ಬಡಿಸಿದ್ದ ಇಬ್ಬರು ಹಿರಿಯರ ಅಫಿಡವಿಟ್, ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿದೆ. ತಾಯಿಯ ಕಡೆಯಿಂದ ಹೆಸರು ಬರುವ ಪದ್ಧತಿಯ ಬಗ್ಗೆ ಒಂದು ಪುಟ ಬರೆದು, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯನ್ನೂ ಅದರಲ್ಲಿ ಹೆಸರಿಸಿದೆವು. ಅಪ್ಪನ ಅರ್ಜಿಯೂ ಪಾಸಾಯಿತು. ಅವರು ಅದರಲ್ಲಿ ಯಾವುದನ್ನು ನಂಬಿದರೋ ದೇವರಿಗೇ ಗೊತ್ತು. ನನ್ನ ಓಟು ಬಿಸ್ಕಿಟ್ ಡಬ್ಬಿಗೆ.

ಮುಂದಿನದ್ದು ವೀಸಾದ ಕಾಗದಪತ್ರ ನೋಡುವ ಅಮೆರಿಕದ ಕಚೇರಿ, ನ್ಯಾಷನಲ್ ವೀಸಾ ಸೆಂಟರ್‌ನ ಹಂತ. ಇದು ಪೂರ್ತಿ ಅಕ್ಕನ ಕಂಪ್ಯೂಟರಿನಲ್ಲೇ ನಡೆದದ್ದು. ವೀಸಾ ಅರ್ಜಿಗೆ ತಲಾ 325 ಡಾಲರ್. ಜೊತೆಗೆ ಅಕ್ಕ ಇವರನ್ನು ಸಾಕುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು, ಐ-864 ಅಂತ. ಅಲ್ಲಿಯ ಸರ್ಕಾರ ಹೇಳುವ ಬಡತನದ ರೇಖೆಗಿಂತ ಕಾಲು ಪಾಲು ಹೆಚ್ಚಾದರೂ ಆದಾಯ ಇರಬೇಕು. ಮನೆಯವರ ಲೆಕ್ಕದಲ್ಲಿ ಅಪ್ಪ ಅಮ್ಮನನ್ನೂ ಸೇರಿಸಬೇಕು. ಇದು ಸುಮ್ನೆ ಸಹಿ ಹಾಕುವ ಕಾಗದ ಅಲ್ಲ. ಅವರು ಅಲ್ಲಿಯ ಪೌರರಾಗುವ ತನಕ, ಅಥವಾ ಅಲ್ಲಿಂದ ಖಾಯಂ ಹೊರಡುವ ತನಕ ಆ ಜವಾಬ್ದಾರಿ ಬಿಡುವುದಿಲ್ಲ. ಭಾವನಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ ಅಂತ ನಾನು ಅಕ್ಕನಿಗೆ ಹೇಳಿದ್ದೆ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವೆಯವರ ಮೂಲಕ ಆಯಿತು, ತಲಾ 500 ರೂಪಾಯಿ. ವಿಚಾರಣೆಗೆ ಬಂದ ಪೊಲೀಸರಿಗೆ ಅಮ್ಮ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟರು.

ಸಂದರ್ಶನ ಬಂದದ್ದು 2025ರಲ್ಲಿ, ಮುಂಬೈ ಕಾನ್ಸುಲೇಟ್‌ನಲ್ಲಿ. ವಿಮಾನ ಬೇಡ ಅಂದರು ಅಪ್ಪ. ಉಡುಪಿಯಿಂದ ಮತ್ಸ್ಯಗಂಧ ಹತ್ತಿ ಕುರ್ಲಾದಲ್ಲಿ ಇಳಿದೆವು. ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಟ್ಯಾಕ್ಸಿಯಿಂದ ಆ ಗಾಜಿನ ಕಟ್ಟಡಗಳನ್ನು ನೋಡಿ ಅಪ್ಪ, "ನಾನಿದ್ದಾಗ ಇಲ್ಲಿ ಬರೀ ಕೆಸರು, ಕಾಂಡ್ಲ ಗಿಡ" ಅಂದರು. ಆಮೇಲೆ ಡ್ರೈವರ್ ಜೊತೆ ಬೊಂಬಾಯಿ ಹಿಂದಿಯಲ್ಲಿ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಬ್ರಹ್ಮಾವರದಲ್ಲಿ ನಾನು ಕಂಡ ಅಪ್ಪ ಇಷ್ಟು ಮಾತಾಡಿದ್ದಿಲ್ಲ.

ವೈದ್ಯಕೀಯ ಪರೀಕ್ಷೆ ಸಂದರ್ಶನಕ್ಕಿಂತ ಮೊದಲೇ ಆಗಬೇಕು. ಕಾನ್ಸುಲೇಟ್ ಒಪ್ಪಿದ ಡಾಕ್ಟರುಗಳು ಮಾತ್ರ ಮಾಡಬೇಕು, ನಮ್ಮ ಊರಿನ ಡಾಕ್ಟರ ಚೀಟಿ ನಡೆಯುವುದಿಲ್ಲ. ರಕ್ತ, ಎದೆಯ ಎಕ್ಸ್‌ರೇ, ಬಾಕಿ ಇದ್ದ ಲಸಿಕೆ. ಅಮ್ಮನದ್ದು ಒಂದೇ ದಿನದಲ್ಲಿ ಮುಗಿಯಿತು. ಅಪ್ಪನ ಎಕ್ಸ್‌ರೇಯಲ್ಲಿ ಕಲೆ ಕಂಡಿತು. ಹೋಟೆಲಿನ ಕಾಲದಲ್ಲಿ, ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಾಗ, ಅಪ್ಪನಿಗೆ ಕ್ಷಯ ಆಗಿ ವಾಸಿಯಾಗಿತ್ತಂತೆ. ನಮಗೆ ಹೇಳಿಯೇ ಇರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಹಳೆಯ ಕಲೆಯಾದರೂ ಬಿಡುವುದಿಲ್ಲ. ಬೆಳಗ್ಗೆ ಬೆಳಗ್ಗೆ ಮೂರು ದಿನ ಕಫದ ಸ್ಯಾಂಪಲ್ ಕೊಡಬೇಕು. ಅದರಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡಲು ಕಲ್ಚರ್‌ಗೆ ಇಟ್ಟರೆ ಫಲಿತಾಂಶಕ್ಕೆ ಎಂಟು ವಾರ ಹಿಡಿಯುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಹಿಂದೆ ಕ್ಷಯ ಆಗಿದ್ದರೆ ಚಿಕಿತ್ಸೆಯ ಕಾಗದ, ಹಳೆಯ ಎಕ್ಸ್‌ರೇ ಏನಿದ್ದರೂ ಜೊತೆಗೆ ಒಯ್ಯಿರಿ. ವಿಮಾನದ ಟಿಕೆಟ್ ಅಂತೂ ವೀಸಾ ಕೈಗೆ ಬರುವ ತನಕ ಮಾಡಿಸಬೇಡಿ ಮಾರಾಯ್ರೆ.

ಸಂದರ್ಶನಕ್ಕೆ ನಮ್ಮನ್ನು ಒಳಗೆ ಬಿಡುವುದಿಲ್ಲ, ಫೋನೂ ಬಿಡುವುದಿಲ್ಲ. ಇಬ್ಬರ ಫೋನು ಹಿಡಿದುಕೊಂಡು ನಾನು ಹೊರಗೆ ಫುಟ್‌ಪಾತ್‌ನಲ್ಲಿ ನಿಂತೆ. ಒಳಗೆ ಏನಾಯಿತು ಅನ್ನುವುದಕ್ಕೆ ಎರಡು ವರದಿ ಇದೆ. ಅಪ್ಪನ ಪ್ರಕಾರ ಅವರೇ ಎಲ್ಲದಕ್ಕೂ ಹಿಂದಿಯಲ್ಲಿ ಉತ್ತರ ಕೊಟ್ಟರು. ಅಮ್ಮನ ಪ್ರಕಾರ ಮಗಳಿಗೆ ಯಾವಾಗ ಮದುವೆಯಾಯಿತು ಅಂತ ಕೇಳಿದಾಗ ಅಪ್ಪ ತಡವರಿಸಿದರು, ಹೇಳಿಕೊಟ್ಟದ್ದು ಅಮ್ಮ. ಹೆಸರು ಬೇರೆ ಬೇರೆ ಯಾಕೆ ಅಂತ ಅಧಿಕಾರಿ ಕೇಳಿದರಂತೆ. ಅಪ್ಪ, "ಹಮಾರೆ ಯಹಾಂ ಮಾ ಕಾ ನಾಮ್ ಚಲ್ತಾ ಹೈ", ನಮ್ಮಲ್ಲಿ ನಡೆಯುವುದು ತಾಯಿಯ ಹೆಸರು, ಅಂದದ್ದಕ್ಕೆ ಅವರು ನಕ್ಕು ಮುಂದಿನ ಕಾಗದ ತಿರುಗಿಸಿದರಂತೆ. ಇಷ್ಟರಲ್ಲಿ ಎರಡೂ ವರದಿ ಒಂದೇ.

ಅಮ್ಮನ ವೀಸಾ ಆಯಿತು. ಅಪ್ಪನದ್ದು ಕಫದ ವರದಿ ಬರುವ ತನಕ ತಡೆ. ಅಮ್ಮ ಮೊದಲು ಹೊರಡಲಿ, ಅಪ್ಪ ಆಮೇಲೆ ಬರಲಿ ಅಂತ ಅಕ್ಕ ಹೇಳಿ ನೋಡಿದಳು. ಅಮ್ಮ ಕೇಳಲಿಲ್ಲ. "ಅವರು ಬೊಂಬಾಯಿಯಲ್ಲಿ, ನಾನು ಊರಲ್ಲಿ, ಹಾಗೆ ಇದ್ದದ್ದು ಸಾಕು ಮಗಾ" ಅಂದರು. ವೀಸಾಕ್ಕೆ ಅವಧಿ ಇರುತ್ತದೆ. ಅದು ವೈದ್ಯಕೀಯ ಪರೀಕ್ಷೆಯ ತಾರೀಕಿಗೆ ಹೊಂದಿಕೊಂಡು, ಹೆಚ್ಚೆಂದರೆ ಆರು ತಿಂಗಳು. ಆ ಗಡುವು ನನ್ನ ನಿದ್ದೆ ಕೆಡಿಸಿತು, ಅಮ್ಮನಿಗೆ ಏನೂ ಆಗಲಿಲ್ಲ. ವರದಿ ನೆಗೆಟಿವ್ ಬಂತು, ಅಪ್ಪನ ವೀಸಾವೂ ಆಯಿತು.

ಹೊರಡುವ ಮೊದಲು ದನವನ್ನು ಕೆಳಮನೆಯವರಿಗೆ ಕೊಟ್ಟರು. ಗದ್ದೆ ಗೇಣಿಗಲ್ಲ, ನೋಡಿಕೊಳ್ಳಲು ಮಾತ್ರ ಅಂತ ಅಪ್ಪ ಹತ್ತು ಸಲ ಹೇಳಿದರು. ಕೃಷಿಭೂಮಿ ಹೋಗುತ್ತದಾ ಅನ್ನುವ ಹೆದರಿಕೆ ಅವರಿಗೆ. ಹೋಗುವುದಿಲ್ಲ. ಗ್ರೀನ್ ಕಾರ್ಡ್ ಬಂದರೂ ಅವರು ಭಾರತದ ಪೌರರೇ, ಇದ್ದ ಜಮೀನು ಇಟ್ಟುಕೊಳ್ಳಬಹುದು. ಬ್ಯಾಂಕಿನ ಉಳಿತಾಯ ಖಾತೆಯನ್ನು ಮಾತ್ರ ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಿಸಬೇಕು. ದೈವದ ತಂಬಿಲ ಸೇವೆಯ ಜವಾಬ್ದಾರಿ ಮಾವನಿಗೆ, ದೀಪದ ಎಣ್ಣೆಯ ಜವಾಬ್ದಾರಿ ನನಗೆ ಬಂತು. ಅಮ್ಮ ಐದು ಕಿಲೋ ಕುಚ್ಚಲಕ್ಕಿ ಕಟ್ಟಿ ಇಟ್ಟಿದ್ದರು. ಖಾಪ್ರಾ ಅನ್ನುವ ಹುಳದ ಹೆದರಿಕೆಯಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರ ಬ್ಯಾಗಿನಲ್ಲಿ ಅಲ್ಲಿ ಬಿಡುವುದಿಲ್ಲ ಅಂತ ಹೇಳಿ ತೆಗೆಸಿದೆ. ಆ ಅಕ್ಕಿಯ ಗಂಜಿಯನ್ನು ನಾವೇ ಉಂಡೆವು. ಬಜ್ಪೆ ಏರ್‌ಪೋರ್ಟಿನಲ್ಲಿ ಇಬ್ಬರಿಗೂ ವೀಲ್‌ಚೇರ್ ಹೇಳಿದ್ದೆವು. ಅಪ್ಪ ಕೂರಲಿಲ್ಲ, ಅದರ ಮೇಲೆ ಬ್ಯಾಗು ಇಟ್ಟು ತಳ್ಳಿಸಿಕೊಂಡು ಹೋದರು.

ಈಗ ಅವರು ನ್ಯೂಜೆರ್ಸಿಯಲ್ಲಿ ಇದ್ದಾರೆ. ತಲಾ 235 ಡಾಲರ್ ಕಟ್ಟಿದ್ದಕ್ಕೆ ಕಾರ್ಡು ಅಂಚೆಯಲ್ಲಿ ಮನೆಗೆ ಬಂತು. ದೊಡ್ಡ ಖರ್ಚು ಆರೋಗ್ಯ ವಿಮೆಯದ್ದು. 65 ದಾಟಿದವರಿಗೂ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಕೊಂಡುಕೊಳ್ಳಲು ಅಲ್ಲಿ ಐದು ವರ್ಷ ಸತತ ವಾಸ ಆಗಿರಬೇಕು, ಅಲ್ಲಿಯ ತನಕ ಖಾಸಗಿ ವಿಮೆ. ಇದರ ಲೆಕ್ಕ ಹಾಕದೆ ಯಾರೂ ಹೊರಡಬೇಡಿ. ಇನ್ನೊಂದು ವಿಷಯ ತೆರಿಗೆ. ಗ್ರೀನ್ ಕಾರ್ಡ್ ಇದ್ದವರು ಊರಿನ ಬಡ್ಡಿ ಆದಾಯವನ್ನೂ ಅಲ್ಲಿ ತೋರಿಸಬೇಕು. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಎಲ್ಲ ಖಾತೆಯ ವಿವರ ಕೊಡಬೇಕು. ಅಪ್ಪ ಮೂವತ್ತು ವರ್ಷದಲ್ಲಿ ಕಂಡ ಕಂಡ ಸೊಸೈಟಿಯಲ್ಲೆಲ್ಲ ಸಣ್ಣ ಸಣ್ಣ ಎಫ್‌ಡಿ ಇಟ್ಟವರು. ನನ್ನ ಶನಿವಾರಗಳು ಈಗ ಆ ಪಾಸ್‌ಬುಕ್‌ಗಳ ಫೋಟೋ ತೆಗೆದು ಕಳಿಸುವುದರಲ್ಲಿ ಹೋಗುತ್ತಿವೆ. ನಿನ್ನೆ ರಾತ್ರಿ ಅಪ್ಪನ ವಾಯ್ಸ್ ಮೆಸೇಜ್ ಬಂದಿದೆ. ಹಾಲಿನ ಸೊಸೈಟಿಯಲ್ಲಿ ನೂರು ರೂಪಾಯಿಯ ಪಾಲು ಇದೆಯಂತೆ, ಅದನ್ನೂ ಅಮೆರಿಕ ಸರ್ಕಾರಕ್ಕೆ ಹೇಳಬೇಕಾ ಅಂತ ಕೇಳಿ ತಿಳಿಸು ಅಂದಿದ್ದಾರೆ.